ಎತ್ತರದ ಭಯವಿರುವವರ ಜೊತೆ ಡೆನ್ವರ್‌ನಿಂದ ಲಾಸ್ ವೇಗಸ್‌ಗೆ: ಯಾವ ದಾರಿ, ಯಾವ ದಿಕ್ಕು?

ಹಾದಿಗಿತ್ತಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಡೆನ್ವರ್‌ನಲ್ಲಿ ಬಾಡಿಗೆ ಕಾರು ಪಡೆದು, ಕೊಲೊರಾಡೊದ ಬೆಟ್ಟಗಳನ್ನೂ ಯೂಟಾದ ಮರುಭೂಮಿಯ ಉದ್ಯಾನಗಳನ್ನೂ ನೋಡಿಕೊಂಡು ಲಾಸ್ ವೇಗಸ್ ಸೇರಬೇಕೆಂದು ನಾನೂ ನಮ್ಮ ಯಜಮಾನರೂ ಯೋಚಿಸಿದ್ದೇವೆ. ರಜೆ ಎರಡು ವಾರಕ್ಕಿಂತ ತುಸು ಕಡಿಮೆ. ಕಾರು ಓಡಿಸುವವಳು ನಾನು. ಯಜಮಾನರಿಗೂ ಚಾಲನೆ ಬರುತ್ತದೆ, ಆದರೆ ಪಕ್ಕದಲ್ಲಿ ಪ್ರಪಾತ ಕಂಡರೆ ಅವರ ಅಂಗೈ ಬೆವರುತ್ತದೆ. ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಬಿಡುತ್ತಾರೆ. ನೋಡಲೆಂದೇ ಹೊರಟು ಕಣ್ಣು ಮುಚ್ಚಿ ಕೂರುವುದಾದರೆ ಹೋಗಿ ಪ್ರಯೋಜನವೇನು?

ಸದ್ಯಕ್ಕೆ ನಾನು ಬರೆದುಕೊಂಡಿರುವ ದಾರಿ ಹೀಗಿದೆ: ಡೆನ್ವರ್, ರಾಕಿ ಮೌಂಟನ್ ಉದ್ಯಾನದ ಟ್ರೇಲ್ ರಿಜ್ ರಸ್ತೆ, ಐ–70 ಹಿಡಿದು ಮಾಂಟ್ರೋಸ್, ಬ್ಲ್ಯಾಕ್ ಕ್ಯಾನ್ಯನ್, ಅಲ್ಲಿಂದ ಊರೇ ಮತ್ತು ಸಿಲ್ವರ್‌ಟನ್ ಮೂಲಕ ಡ್ಯುರಾಂಗೊ, ಮೆಸಾ ವರ್ಡೆ, ಮಾನ್ಯುಮೆಂಟ್ ವ್ಯಾಲಿ, ಮೋಆಬ್, ಕ್ಯಾಪಿಟಲ್ ರೀಫ್, ಹೆದ್ದಾರಿ 12, ಬ್ರೈಸ್, ಪೇಜ್, ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಕೊನೆಗೆ ಲಾಸ್ ವೇಗಸ್. ಇದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಿರುಗಿಸಬೇಕು ಎಂದು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಕೊಲೊರಾಡೊ_ಕನ್ನಡಿಗ

ನಮಸ್ಕಾರ. ನೀವು ಮೊದಲು ತಿರುಗಿಸಬೇಕಾದದ್ದು ಊರೇ–ಸಿಲ್ವರ್‌ಟನ್ ಭಾಗವನ್ನು. ಯು.ಎಸ್. 550ರ ಈ ತುಂಡಿಗೆ ಮಿಲಿಯನ್ ಡಾಲರ್ ಹೈವೇ ಎಂಬ ಹೆಸರಿದೆ. 1880ರ ದಶಕದಲ್ಲಿ ಆಟೋ ಮಿಯರ್ಸ್ ಎಂಬ ಗುತ್ತಿಗೆದಾರ ಗಣಿಗಳಿಗಾಗಿ ಕಡಿಸಿದ ಸುಂಕದ ದಾರಿಯೇ ಇದರ ಮೂಲ. ಊರೇ ಪಟ್ಟಣದಿಂದ ದಕ್ಷಿಣಕ್ಕೆ ಹೊರಟ ಕೂಡಲೇ ರಸ್ತೆಯು ಅನ್‌ಕಂಪಾಗ್ರೆ ಕೊರಕಲಿನ ಗೋಡೆಗೆ ಅಂಟಿಕೊಂಡು ಏರುತ್ತದೆ. ಬಿಳಿ ಗೆರೆ ಮುಗಿದಲ್ಲಿಯೇ ಡಾಂಬರು ಮುಗಿಯುತ್ತದೆ, ಡಾಂಬರು ಮುಗಿದಲ್ಲಿಯೇ ನೆಲವೂ ಮುಗಿಯುತ್ತದೆ. ಚಳಿಗಾಲದಲ್ಲಿ ಯಂತ್ರಗಳು ಹಿಮವನ್ನು ಅಂಚಿನಿಂದ ಕೆಳಕ್ಕೆ ತಳ್ಳಬೇಕಾಗಿರುವುದರಿಂದ ಹಲವು ಕಡೆ ತಡೆಬೇಲಿಯನ್ನೇ ಹಾಕಿಲ್ಲ.

ಇಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುತ್ತವೆ. ಆದ್ದರಿಂದ ನಿಮ್ಮ ಯೋಜನೆಯಂತೆ ಊರೇಯಿಂದ ಸಿಲ್ವರ್‌ಟನ್‌ಗೆ ಹೋದರೆ ಪ್ರಪಾತ ಇರುವುದು ಬಲಗಡೆ, ಅಂದರೆ ನಿಮ್ಮ ಯಜಮಾನರ ಕಿಟಕಿಯ ನೇರ ಕೆಳಗೆ. ಸಿಲ್ವರ್‌ಟನ್‌ನಿಂದ ಊರೇಗೆ ಬಂದರೆ ನಿಮ್ಮ ಕಾರು ಬೆಟ್ಟದ ಗೋಡೆಯ ಪಕ್ಕದಲ್ಲಿರುತ್ತದೆ. ಕೊರಕಲಿಗೂ ಅವರಿಗೂ ನಡುವೆ ಎದುರಿನಿಂದ ಬರುವ ವಾಹನಗಳ ಸಾಲೂ ನೀವೂ ಇರುತ್ತೀರಿ. ರಸ್ತೆ ಒಂದೇ, ನೋಟ ಒಂದೇ, ಭಯ ಮಾತ್ರ ಅರ್ಧಕ್ಕಿಳಿಯುತ್ತದೆ. 11,018 ಅಡಿ ಎತ್ತರದ ರೆಡ್ ಮೌಂಟನ್ ಪಾಸ್‌ನಿಂದ ಊರೇಯ 7,792 ಅಡಿಗೆ ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡು ಬರಬೇಡಿ. ಆಟೋಮ್ಯಾಟಿಕ್ ಕಾರಾದರೂ ಕೆಳ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಸಿ. ಹಿಂದಿನ ವಾಹನ ಅವಸರ ಮಾಡಿದರೆ ತಂಗುಸ್ಥಳದಲ್ಲಿ ನಿಲ್ಲಿಸಿ ಅದಕ್ಕೆ ದಾರಿ ಬಿಡಿ.

ದಿಕ್ಕನ್ನು ಹೀಗೆ ಬದಲಿಸಲು ಇಡೀ ಮೊದಲ ಭಾಗವನ್ನೇ ಬದಲಿಸಬೇಕಾಗುತ್ತದೆ, ಅದು ಒಳ್ಳೆಯದೇ. ಡೆನ್ವರ್‌ನಿಂದ ಯು.ಎಸ್. 285 ಹಿಡಿದು ದಕ್ಷಿಣಕ್ಕೆ ಬಂದು ಗ್ರೇಟ್ ಸ್ಯಾಂಡ್ ಡ್ಯೂನ್ಸ್ ನೋಡಿ, ಯು.ಎಸ್. 160ರಲ್ಲಿ ವುಲ್ಫ್ ಕ್ರೀಕ್ ಪಾಸ್ ದಾಟಿ ಡ್ಯುರಾಂಗೊ ತಲುಪಿ. ಅಲ್ಲಿ ಉಳಿದು ಮೆಸಾ ವರ್ಡೆ ನೋಡಿಕೊಂಡು ಬನ್ನಿ. ಆಮೇಲೆ ಉತ್ತರಕ್ಕೆ ಸಿಲ್ವರ್‌ಟನ್, ಊರೇ, ಮಾಂಟ್ರೋಸ್, ಬ್ಲ್ಯಾಕ್ ಕ್ಯಾನ್ಯನ್, ಗ್ರ್ಯಾಂಡ್ ಜಂಕ್ಷನ್, ಮೋಆಬ್. ಸೆಪ್ಟೆಂಬರ್ ಕೊನೆಯೆಂದರೆ ಸ್ಯಾನ್ ವಾನ್ ಬೆಟ್ಟಗಳಲ್ಲಿ ಆಸ್ಪೆನ್ ಮರಗಳು ಹಳದಿಯಾಗುವ ಕಾಲ. ಒಂದು ಎಲೆಯನ್ನು ಕಿತ್ತು ಅದರ ತೊಟ್ಟನ್ನು ಬೆರಳುಗಳ ನಡುವೆ ಉರುಳಿಸಲು ನೋಡಿ, ಅದು ಉರುಳುವುದಿಲ್ಲ. ತೊಟ್ಟು ದುಂಡಗಿಲ್ಲದೆ ಪಟ್ಟಿಯಂತೆ ಚಪ್ಪಟೆಯಾಗಿರುತ್ತದೆ. ಬೇರೆ ಮರಗಳ ಎಲೆ ಅಲುಗದಷ್ಟು ಸಣ್ಣ ಗಾಳಿಗೂ ಆಸ್ಪೆನ್ ನಡುಗುವುದು ಇದೇ ಕಾರಣಕ್ಕೆ.

ನಿಧಾನವೇ_ಸರಿ

ಮೇಲಿನವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ಆದರೆ ದಿಕ್ಕಿಗಿಂತ ಮೊದಲು ಪಟ್ಟಿಯ ಉದ್ದದ ಬಗ್ಗೆ ಮಾತನಾಡಬೇಕು. ಈ ಪ್ರದೇಶದಲ್ಲಿ ನಕ್ಷೆಯ ಮೇಲೆ ಬೆರಳು ಇಟ್ಟು ಅಳೆಯುವ ದೂರಕ್ಕೆ ಅರ್ಥವೇ ಇಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಿಂದ ಉತ್ತರ ಅಂಚಿಗೆ ಹಕ್ಕಿ ಹಾರುವ ದಾರಿ ಸುಮಾರು 10 ಮೈಲಿ. ಕಾರಿನ ದಾರಿ 200 ಮೈಲಿಗೂ ಹೆಚ್ಚು. ಉತ್ತರ ಅಂಚಿನ ಪ್ರಸಿದ್ಧ ವಸತಿಗೃಹವು 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಗಿರುವುದರಿಂದ, ಅಲ್ಲಿ ಉಳಿದುಕೊಳ್ಳುವ ಹಳೆಯ ಸಲಹೆಗಳನ್ನು ನೀವು ಎಲ್ಲಿಯೇ ಓದಿದ್ದರೂ ಮರೆತುಬಿಡಿ.

ನನ್ನ ಅಭಿಪ್ರಾಯದಲ್ಲಿ ಟ್ರೇಲ್ ರಿಜ್ ರಸ್ತೆಯನ್ನೂ ಗ್ರ್ಯಾಂಡ್ ಕ್ಯಾನ್ಯನ್ ಮತ್ತು ಪೇಜನ್ನೂ ಕೈಬಿಡಬೇಕು. ಟ್ರೇಲ್ ರಿಜ್ 12,183 ಅಡಿಯವರೆಗೆ ಏರುತ್ತದೆ. ವಿಮಾನದಿಂದ ಇಳಿದ ಮಾರನೆಯ ದಿನವೇ ಅಷ್ಟು ಎತ್ತರಕ್ಕೆ ಹೋದರೆ ತಲೆನೋವು, ವಾಕರಿಕೆ ಬರುವ ಸಾಧ್ಯತೆ ಹೆಚ್ಚು. ಸುಮಾರು 8,000 ಅಡಿ ದಾಟಿದ ಮೇಲೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಕಾಣಿಸಿಕೊಳ್ಳಬಹುದು, ವಯಸ್ಸು ಮತ್ತು ಮೈಕಟ್ಟು ಅದಕ್ಕೆ ಅಡ್ಡಬರುವುದಿಲ್ಲ. 5,280 ಅಡಿಯ ಡೆನ್ವರ್‌ನಲ್ಲಿ ಮೊದಲ ರಾತ್ರಿ ಮಲಗಿ, ನೀರು ಹೆಚ್ಚು ಕುಡಿದು, ಆಮೇಲೆ ಹೊರಡುವುದು ಲೇಸು. ಅಕ್ಟೋಬರ್ ಮಧ್ಯದವರೆಗೂ ರಾಕಿ ಮೌಂಟನ್ ಉದ್ಯಾನಕ್ಕೆ ಹೊತ್ತು ನಿಗದಿಪಡಿಸಿದ ಪ್ರವೇಶ ಚೀಟಿಯ ಕಟ್ಟುಪಾಡು ಬೇರೆ ಇರುತ್ತದೆ. ಗ್ರ್ಯಾಂಡ್ ಕ್ಯಾನ್ಯನ್ ಅದೊಂದಕ್ಕೇ ಪ್ರವಾಸ ಹೋಗುವಷ್ಟು ದೊಡ್ಡದು, ದಾರಿಯ ಬದಿಯ ನಿಲ್ದಾಣದಂತೆ ಅದನ್ನು ನೋಡಬಾರದು.

ಪಟ್ಟಿಯಲ್ಲಿ ಉಳಿದವುಗಳಲ್ಲಿಯೂ ಮೋಆಬ್‌ನಲ್ಲಿ ಹೆಚ್ಚು ರಾತ್ರಿಗಳನ್ನು ಕೊಡಿ. ಇಬ್ಬರೇ ಹೋಗುವ ಪ್ರವಾಸದಲ್ಲಿ ದಿನವೂ ಪೆಟ್ಟಿಗೆ ಕಟ್ಟಿ ಬಿಚ್ಚುವುದರಿಂದ ಹುಟ್ಟುವ ಜಗಳ ಬೇರೆ ಯಾವುದರಿಂದಲೂ ಹುಟ್ಟುವುದಿಲ್ಲ.

ಸಂಜೆಗೆಂಪು

ಪೆಟ್ಟಿಗೆಯ ಮಾತು ನಿಜ. ಆದರೂ ಮೇಲೆ ಸೂಚಿಸಿದ ಹೊಸ ದಾರಿಯಲ್ಲಿ ಬಿಟ್ಟುಹೋಗಿರುವ ಮಾನ್ಯುಮೆಂಟ್ ವ್ಯಾಲಿಯನ್ನು ಇಷ್ಟು ಸುಲಭವಾಗಿ ಯಾರೂ ಕೈಬಿಡದಿರಲಿ ಎಂದು ವಿನಂತಿಸುತ್ತೇನೆ. ಮೋಆಬ್‌ನಿಂದ ಒಂದು ದಿನದ ಮಟ್ಟಿಗೆ ಹೋಗಿಬರಬಹುದು. ಅದು ರಾಷ್ಟ್ರೀಯ ಉದ್ಯಾನವಲ್ಲ, ನವಾಹೊ ಎಂಬ ಮೂಲನಿವಾಸಿ ಜನಾಂಗದ ಸ್ವಂತ ಉದ್ಯಾನ. ಆದ್ದರಿಂದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ಅಲ್ಲಿ ನಡೆಯುವುದಿಲ್ಲ, ಪ್ರತ್ಯೇಕ ಶುಲ್ಕ ಕೊಡಬೇಕು. ಒಳಗಿನ 17 ಮೈಲಿಯ ಸುತ್ತು ಮಣ್ಣಿನ ರಸ್ತೆ. ಬಾಡಿಗೆ ಕರಾರುಗಳಲ್ಲಿ ಡಾಂಬರಿಲ್ಲದ ರಸ್ತೆಗೆ ಸಾಮಾನ್ಯವಾಗಿ ನಿಷೇಧವಿರುತ್ತದೆ, ಹಾಗಾಗಿ ನವಾಹೊ ಮಾರ್ಗದರ್ಶಕರ ಗಾಡಿಯಲ್ಲಿ ಹೋಗುವುದು ಮೇಲು. ಸಾರ್ವಜನಿಕರ ಕಾರುಗಳಿಗೆ ಬಿಡದ ಜಾಗಗಳನ್ನೂ ಅವರು ತೋರಿಸುತ್ತಾರೆ. ನವಾಹೊ ನೆಲದಲ್ಲಿ ಮದ್ಯ ನಿಷಿದ್ಧ. ಕಾರಿನ ಹಿಂಬದಿಯಲ್ಲಿ ಸಹ ಇಟ್ಟುಕೊಂಡು ಹೋಗಬಾರದು.

ಮುಂಗಡ ಕಾಯ್ದಿರಿಸಿದ್ದರೆ ಗಡಿಯಾರದ ಕಡೆಗೂ ಗಮನವಿರಲಿ. ಅರಿಜೋನಾ ರಾಜ್ಯವು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದಿಲ್ಲ, ನವಾಹೊ ನಾಡು ತಿರುಗಿಸುತ್ತದೆ, ಅದರ ಒಡಲೊಳಗಿರುವ ಹೋಪಿ ನಾಡು ಮತ್ತೆ ತಿರುಗಿಸುವುದಿಲ್ಲ. ಫೋನು ಯಾವ ಗೋಪುರವನ್ನು ಹಿಡಿಯುತ್ತದೆಯೋ ಅದರ ಸಮಯವನ್ನೇ ತೋರಿಸುತ್ತದೆ, ಅದನ್ನು ನಂಬುವಂತಿಲ್ಲ.

ಹಾದಿಗಿತ್ತಿ

ನಿಮ್ಮೆಲ್ಲರಿಗೂ ಧನ್ಯವಾದಗಳು. ಸಿಲ್ವರ್‌ಟನ್‌ನಿಂದ ಊರೇಗೆ ಬರುವ ಸಲಹೆಯನ್ನು ಯಜಮಾನರಿಗೆ ನಕ್ಷೆಯ ಮೇಲೆ ತೋರಿಸಿದೆ. ಗೋಡೆ ತಮ್ಮ ಕಡೆಗಿರುತ್ತದೆ ಎಂದು ಖಚಿತವಾದ ಮೇಲೆ ಒಪ್ಪಿದರು. ಟ್ರೇಲ್ ರಿಜ್, ಪೇಜ್, ಗ್ರ್ಯಾಂಡ್ ಕ್ಯಾನ್ಯನ್ ಮೂರನ್ನೂ ತೆಗೆದುಹಾಕಿದ್ದೇನೆ. ಮಾನ್ಯುಮೆಂಟ್ ವ್ಯಾಲಿಯ ವಿಷಯದಲ್ಲಿ ಇನ್ನೂ ಮನಸ್ಸು ಹೊಯ್ದಾಡುತ್ತಿದೆ.

ಇನ್ನೊಂದು ಸಂದೇಹ: ಯೂಟಾದ ಹೆದ್ದಾರಿ 12ರಲ್ಲಿ ಹಾಗ್‌ಬ್ಯಾಕ್ ಎಂಬ ಜಾಗದಲ್ಲಿ ರಸ್ತೆಯ ಎರಡೂ ಬದಿಗೆ ಪ್ರಪಾತವಿದೆ ಎಂದು ಓದಿದೆ. ಅಲ್ಲಿಯೂ ದಿಕ್ಕು ಬದಲಿಸಿದರೆ ಅನುಕೂಲವಾಗುತ್ತದೆಯೇ?

ಬಂಡೆಗಲ್ಲು

ಎರಡೂ ಬದಿಗೆ ಪ್ರಪಾತವಿದ್ದ ಮೇಲೆ ಯಾವ ದಿಕ್ಕಿನಿಂದ ಬಂದರೇನು? ಬೋಲ್ಡರ್ ಮತ್ತು ಎಸ್ಕಲಾಂಟೆ ಎಂಬ ಎರಡು ಊರುಗಳ ನಡುವೆ ರಸ್ತೆಯು ಬೋಳು ಮರಳುಗಲ್ಲಿನ ಕಿರಿದಾದ ಏಣಿನ ಮೇಲೆ ಹಾದುಹೋಗುತ್ತದೆ. ಆ ಭಾಗ ಉದ್ದವಿಲ್ಲ, ಆದರೆ ಭಯವಿರುವವರಿಗೆ ಉದ್ದವೆನಿಸುತ್ತದೆ. ಹೆದ್ದಾರಿ 12 ಅಮೆರಿಕದ ಅತ್ಯಂತ ಸುಂದರ ರಸ್ತೆಗಳಲ್ಲೊಂದು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ನಿಮಗೆ ನಾನು ಇನ್ನೊಂದು ದಾರಿಯನ್ನು ಸೂಚಿಸುತ್ತೇನೆ, ಅದನ್ನು ಎರಡನೆಯ ದರ್ಜೆಯ ದಾರಿ ಎಂದು ಭಾವಿಸಬೇಡಿ.

ಕ್ಯಾಪಿಟಲ್ ರೀಫ್‌ನಿಂದ ಹೆದ್ದಾರಿ 24ರಲ್ಲೇ ಪಶ್ಚಿಮಕ್ಕೆ ಮುಂದುವರಿಯಿರಿ. ಲೋಆ ದಾಟಿದ ಮೇಲೆ ಬಲಕ್ಕೆ ಹೆದ್ದಾರಿ 25 ಕವಲೊಡೆದು ಫಿಶ್ ಲೇಕ್ ಕಡೆಗೆ ಹೋಗುತ್ತದೆ. ಸರೋವರ ಸಿಗುವುದಕ್ಕೆ ತುಸು ಮೊದಲು ರಸ್ತೆ ಒಂದು ಆಸ್ಪೆನ್ ತೋಪಿನ ನಡುವೆ ಹಾಯುತ್ತದೆ. ಅದೇ ಪಾಂಡೊ. 106 ಎಕರೆಯಲ್ಲಿ ಹರಡಿರುವ ಸುಮಾರು 47,000 ಕಾಂಡಗಳು ಒಂದೇ ಬೇರುಜಾಲದಿಂದ ಎದ್ದಿವೆ, ಎಲ್ಲದರ ವಂಶವಾಹಿ ಒಂದೇ. ಅಂದರೆ ಕಣ್ಣಿಗೆ ಕಾಣುವ ಇಡೀ ತೋಪು ಒಂದೇ ಮರ. ತೂಕದ ಲೆಕ್ಕದಲ್ಲಿ ಭೂಮಿಯ ಮೇಲೆ ತಿಳಿದಿರುವ ಅತಿ ಭಾರದ ಜೀವಿಗಳಲ್ಲಿ ಇದೂ ಒಂದು. ಜಿಂಕೆ ಮತ್ತು ದನಗಳು ಎಳೆಯ ಚಿಗುರನ್ನು ಮೇಯುವುದರಿಂದ ಹೊಸ ಕಾಂಡಗಳು ಏಳುತ್ತಿಲ್ಲವೆಂದು ಕೆಲವು ಭಾಗಗಳಿಗೆ ಬೇಲಿ ಹಾಕಿದ್ದಾರೆ. ಬೇಲಿಯ ಒಳಗೆ ಎದೆಮಟ್ಟದ ಎಳೆಗಿಡಗಳ ಗುಂಪು, ಹೊರಗೆ ಮುದಿ ಕಾಂಡಗಳ ಕೆಳಗೆ ಬರಿ ಹುಲ್ಲು. ಈ ವ್ಯತ್ಯಾಸವನ್ನು ರಸ್ತೆಯ ಬದಿಯಲ್ಲಿ ನಿಂತೇ ಕಾಣಬಹುದು. ಅಲ್ಲಿಂದ ಹೆದ್ದಾರಿ 24ಕ್ಕೆ ಮರಳಿ, ಹೆದ್ದಾರಿ 62ರಲ್ಲಿ ಕಿಂಗ್‌ಸ್ಟನ್ ಕಣಿವೆಯ ಮೂಲಕ ಯು.ಎಸ್. 89 ಸೇರಿ, ಪ್ಯಾಂಗ್ವಿಚ್ ಕಡೆಯಿಂದ ಬ್ರೈಸ್ ತಲುಪಿ. ಹಾಗ್‌ಬ್ಯಾಕ್ ತಪ್ಪುತ್ತದೆ. ಹೆದ್ದಾರಿ 12ರ ಕೊನೆಯ ತುಂಡು ಮಾತ್ರ, ರೆಡ್ ಕ್ಯಾನ್ಯನ್‌ನ ಕಲ್ಲಿನ ಕಮಾನುಗಳೊಡನೆ, ನಿಮಗೆ ಸಿಗುತ್ತದೆ.

ಕಲ್ಲಿನ ವಿಷಯ ಬಂದಿದ್ದರಿಂದ ಎರಡು ಮಾತು ಹೆಚ್ಚಾಗಿ ಬರೆಯುತ್ತೇನೆ, ಕ್ಷಮೆಯಿರಲಿ. ನೀವು ಹೋಗುವ ಮರುಭೂಮಿಯನ್ನು ಜನರು ಒಂದೇ ಕೆಂಪು ಕಲ್ಲಿನ ರಾಶಿ ಎಂದು ಮಾತನಾಡುತ್ತಾರೆ. ವಾಸ್ತವವಾಗಿ ಪ್ರತಿ ಉದ್ಯಾನದಲ್ಲಿಯೂ ಕಲ್ಲನ್ನು ಕೊರೆದ ಕೈ ಬೇರೆ. ಮೋಆಬ್ ಪಕ್ಕದ ಆರ್ಚಸ್ ಉದ್ಯಾನದ ಕೆಳಗೆ, ಸುಮಾರು 30 ಕೋಟಿ ವರ್ಷಗಳ ಹಿಂದೆ ಬತ್ತಿದ ಸಮುದ್ರದ ದಪ್ಪ ಉಪ್ಪಿನ ಪದರವಿದೆ. ಮೇಲಿನ ಭಾರಕ್ಕೆ ಉಪ್ಪು ನಿಧಾನವಾಗಿ ಹರಿದು ಉಬ್ಬಿ, ಮೇಲಿನ ಮರಳುಗಲ್ಲನ್ನು ಸಾಲುಸಾಲಾಗಿ ಸೀಳಿತು. ಆ ಸೀಳುಗಳ ನಡುವೆ ಉಳಿದ ತೆಳು ಗೋಡೆಗಳಲ್ಲಿ ತೂತು ಬಿದ್ದು 2,000ಕ್ಕೂ ಹೆಚ್ಚು ಕಮಾನುಗಳಾಗಿವೆ. ಈ ಕೆಲಸ ಈಗಲೂ ನಡೆದಿದೆ: 1991ರಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚ್‌ನ ಅಡಿಯಿಂದ ಸುಮಾರು 60 ಅಡಿ ಉದ್ದದ ಹಲಗೆ ಕಳಚಿ ಬಿತ್ತು, 2008ರ ಆಗಸ್ಟ್‌ನಲ್ಲಿ ವಾಲ್ ಆರ್ಚ್ ಪೂರ್ತಿಯಾಗಿ ಕುಸಿಯಿತು. ಬ್ರೈಸ್‌ನಲ್ಲಿ ಶಿಲ್ಪಿ ಮಂಜುಗಡ್ಡೆ. 8,000 ಅಡಿಗೂ ಎತ್ತರದ ಆ ಅಂಚಿನಲ್ಲಿ ವರ್ಷದ 150ಕ್ಕೂ ಹೆಚ್ಚು ದಿನ ಹಗಲು ಕರಗುವ ನೀರು ರಾತ್ರಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಬಿರುಕನ್ನು ಅಗಲಿಸುತ್ತದೆ. ಝಯಾನ್‌ನಲ್ಲಿ ಕೊರೆದದ್ದು ವರ್ಜಿನ್ ನದಿ. ಬ್ಲ್ಯಾಕ್ ಕ್ಯಾನ್ಯನ್‌ನಲ್ಲಿ ಮಾತ್ರ ಮರಳುಗಲ್ಲಲ್ಲ, ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದಾದ ಗಟ್ಟಿ ಶಿಲೆ. ಅದಕ್ಕೇ ಕಣಿವೆ ಅಗಲವಾಗದೆ ಆಳವಾಯಿತು. ಅಲ್ಲಿನ ಪೇಂಟೆಡ್ ವಾಲ್ 2,250 ಅಡಿ, ಕೊಲೊರಾಡೊದಲ್ಲೇ ಅತಿ ಎತ್ತರದ ಕಡಿದಾದ ಗೋಡೆ. ಅಂಚಿನ ನೋಟಕಟ್ಟೆಗಳಿಗೆ ಕಂಬಿಗಳಿವೆ, ನಿಮ್ಮವರು ಕಂಬಿ ಹಿಡಿದು ನೋಡಬಹುದು.

ಮರುಭೂಮಿ_ಮಿತ್ರ

ಭಯದ ಚರ್ಚೆ ಕಾರಿನೊಳಗೇ ನಿಂತಿದೆ. ನಡಿಗೆಯಲ್ಲಿಯೂ ಅದು ಬರುತ್ತದೆ, ಅದನ್ನು ಮೊದಲೇ ತಿಳಿದಿರುವುದು ಒಳಿತು. ಆರ್ಚಸ್‌ನ ಡೆಲಿಕೇಟ್ ಆರ್ಚ್‌ಗೆ ಹೋಗಿಬರುವ ದಾರಿ ಸುಮಾರು 3 ಮೈಲಿ. ಕಮಾನು ಕಣ್ಣಿಗೆ ಬೀಳುವ ಮುನ್ನ ಕೊನೆಯ 200 ಗಜದಷ್ಟು ದೂರ ಬಂಡೆಯ ಅಂಚಿನ ಮೇಲೆ ನಡೆಯಬೇಕು. ಜಾಗ ಅಗಲವಾಗಿಯೇ ಇದೆ, ಆದರೂ ಒಂದು ಬದಿ ಖಾಲಿ. ಬೇಡವೆನಿಸಿದರೆ ಕೆಳಗಿನ ನೋಟಸ್ಥಳದಿಂದ ಕಮಾನನ್ನು ದೂರದಲ್ಲಿ ನೋಡಿ, ಆ ಹೊತ್ತನ್ನು ಲ್ಯಾಂಡ್‌ಸ್ಕೇಪ್ ಆರ್ಚ್‌ನ ಸಮತಟ್ಟಾದ ದಾರಿಗೆ ಕೊಡಿ. ಮೆಸಾ ವರ್ಡೆಯಲ್ಲಿ ಬಾಲ್ಕನಿ ಹೌಸ್ ಎಂಬ ಹಳೆಯ ಬಂಡೆಮನೆಗೆ 32 ಅಡಿಯ ಏಣಿಯನ್ನು ಹತ್ತಬೇಕು, ಅದಕ್ಕೆ ನೀವೊಬ್ಬರೇ ಚೀಟಿ ಪಡೆಯಿರಿ. ಸುಮಾರು 150 ಕೋಣೆಗಳ ಕ್ಲಿಫ್ ಪ್ಯಾಲೆಸ್ಸನ್ನು ಮೇಲಿನ ನೋಟಕಟ್ಟೆಯಿಂದ ಇಬ್ಬರೂ ಕಾಣಬಹುದು. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಕಟ್ಟಿದ ಜನ ಅದನ್ನು ತೊರೆದು ದಕ್ಷಿಣಕ್ಕೆ ಹೋದರು. ಅವರ ಸಂತತಿಯಾದ ಪ್ವೆಬ್ಲೊ ಜನರು ಇಂದಿಗೂ ನ್ಯೂ ಮೆಕ್ಸಿಕೊ ಮತ್ತು ಅರಿಜೋನಾದಲ್ಲಿದ್ದಾರೆ. ಆದ್ದರಿಂದ ಅದನ್ನು ಹಾಳೂರು ಎಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ.

ನೀರಿನ ಲೆಕ್ಕ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಎಂದರೆ ಸುಮಾರು 4 ಲೀಟರ್. ಒಣ ಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುವುದರಿಂದ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ದಿಢೀರ್ ನೆರೆಯ ಅಪಾಯ ಮುಖ್ಯವಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ, ನೀವು ಅದರ ಬಾಲದಲ್ಲಿ ಹೋಗುತ್ತಿದ್ದೀರಿ. ತಲೆಯ ಮೇಲೆ ಆಕಾಶ ನೀಲಿಯಾಗಿದ್ದರೂ ಮೈಲಿಗಟ್ಟಲೆ ದೂರದ ಮಳೆ ಕಿರಿದಾದ ಕಣಿವೆಗೆ ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಆ್ಯಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಮಂದಿ ಹೀಗೆಯೇ ಸತ್ತರು.

ಮೋಆಬ್ ಸುತ್ತ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ. ಅಲ್ಲಿ ಮಣ್ಣಿನ ಮೇಲೆ ಕಪ್ಪಗೆ, ಗಂಟುಗಂಟಾಗಿ, ಒಣಗಿದ ಹಕ್ಕಳೆಯಂತಹ ಪದರ ಕಾಣುತ್ತದೆ. ಅದು ಜೀವಂತ. ಸಯನೊಬ್ಯಾಕ್ಟೀರಿಯ, ಕಲ್ಲುಹೂವು, ಹಾವಸೆಗಳು ಸೇರಿ ಮರಳಿನ ಕಣಗಳನ್ನು ನೂಲಿನಂತೆ ಹೆಣೆದು ಹಿಡಿದಿರುತ್ತವೆ. ಕಾಲಿಟ್ಟರೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ, ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಫೋಟೊ ತೆಗೆಯಲು ಒಬ್ಬರು ನಾಲ್ಕು ಹೆಜ್ಜೆ ಹಿಂದೆ ಸರಿಯುವ ಜಾಗದಲ್ಲೇ ಇದು ಹೆಚ್ಚಾಗಿ ಹಾಳಾಗಿರುತ್ತದೆ.

ಮೋಆಬ್‌ನಿಂದ ಕ್ಯಾಪಿಟಲ್ ರೀಫ್‌ಗೆ ಹೋಗುವಾಗ ಗ್ರೀನ್ ರಿವರ್ ಎಂಬ ಊರಿನಲ್ಲಿ ಪೆಟ್ರೋಲ್ ತುಂಬಿಸಿ, ಆಮೇಲೆ ಹ್ಯಾಂಕ್ಸ್‌ವಿಲ್ ಸಿಗುತ್ತದೆ. ಕ್ಯಾಪಿಟಲ್ ರೀಫ್ ಒಳಗೆ ಬಂಕ್ ಇಲ್ಲ. ಫೋನಿನ ಸಂಪರ್ಕ ಬಹುಪಾಲು ಇರುವುದಿಲ್ಲ, ನಕ್ಷೆಗಳನ್ನು ಮೊದಲೇ ಇಳಿಸಿಕೊಂಡಿರಿ. ಉದ್ಯಾನದ ಫ್ರೂಟಾ ತೋಟಗಳಲ್ಲಿ ಆ ಹೊತ್ತಿಗೆ ಸೇಬು ಕೊಯ್ಲಿಗೆ ಬಂದಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೆಲೆಸಿದ ಮಾರ್ಮನ್ ಕುಟುಂಬಗಳು ಬೆಳೆಸಿದ ತೋಟಗಳವು. ಕೊಯ್ಲಿಗೆ ತೆರೆದಿದೆ ಎಂಬ ಫಲಕವಿರುವ ತೋಟದಲ್ಲಿ ನೀವೇ ಕಿತ್ತು, ತೂಗಿ, ಹಣ ಕೊಡಬಹುದು.

ಸಂಜೆಗೆಂಪು

ಶುಲ್ಕದ ವಿಷಯ ಯಾರೂ ಬರೆದಿಲ್ಲ. ಅಮೆರಿಕದ ನಿವಾಸಿಗಳಿಗೆ ವಾರ್ಷಿಕ ಪಾಸು 80 ಡಾಲರ್. ಗುರುತಿನ ಚೀಟಿ ಜೊತೆಯಲ್ಲಿರಲಿ. 2026ರ ಜನವರಿಯಿಂದ ನಿವಾಸಿಗಳಲ್ಲದವರಿಗೆ ಅದು 250 ಡಾಲರ್ ಆಗಿದೆ, ಪಾಸಿಲ್ಲದೆ ಹೋದರೆ ಬ್ರೈಸ್ ಮತ್ತು ಝಯಾನ್ ಸೇರಿದಂತೆ 11 ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ. ಭಾರತದಿಂದ ಬಂದ ತಂದೆತಾಯಿಯರನ್ನು ಕರೆದುಕೊಂಡು ಹೋಗುವವರು ಹೊರಡುವ ಮುನ್ನವೇ ಈ ಲೆಕ್ಕ ಹಾಕಿಕೊಳ್ಳಬೇಕು. ಮೋಆಬ್ ಬಳಿಯ ಡೆಡ್ ಹಾರ್ಸ್ ಪಾಯಿಂಟ್ ರಾಜ್ಯದ ಉದ್ಯಾನವಾದ್ದರಿಂದ ಪಾಸು ಅಲ್ಲಿ ಸಲ್ಲುವುದಿಲ್ಲ. ಪ್ರವೇಶದ ಹೊತ್ತಿನ ಚೀಟಿಗಳ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ, ಆರ್ಚಸ್‌ಗೆ ಹೊರಡುವ ಮೊದಲು ಉದ್ಯಾನ ಇಲಾಖೆಯ ಪುಟವನ್ನು ನೋಡಿಯೇ ಹೊರಡಿ.

ಹಾದಿಗಿತ್ತಿ

ಪಾಂಡೊ ನೋಡುವ ದಾರಿಯೇ ಇರಲಿ ಎಂದು ಇಬ್ಬರೂ ಒಪ್ಪಿದೆವು. ಮಾನ್ಯುಮೆಂಟ್ ವ್ಯಾಲಿಯನ್ನು ಈ ಸಲ ಬಿಡುತ್ತೇವೆ; ಮೋಆಬ್‌ನಲ್ಲಿ ಉಳಿಸಿದ ದಿನವನ್ನು ಮತ್ತೆ ಕಾರಿನಲ್ಲಿ ಕಳೆಯಲು ಮನಸ್ಸಿಲ್ಲ. ಸಂಜೆಗೆಂಪು ಅವರು ಬೇಸರಿಸಬಾರದು. ಕೊನೆಯ ಪ್ರಶ್ನೆ ಝಯಾನ್ ಕುರಿತು. ಬ್ರೈಸ್‌ನಿಂದ ಪೂರ್ವದ್ವಾರದ ಮೂಲಕ ಬಂದರೆ ಸುರಂಗ ದಾಟಿದ ಮೇಲಿನ ಇಳಿಜಾರು ಹೇಗಿದೆ? ಅಲ್ಲಿನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆಯನ್ನು ಹತ್ತಲು ನನಗೆ ಆಸೆಯಿದೆ, ಅವರು ಆ ಹೊತ್ತಿನಲ್ಲಿ ಏನು ಮಾಡಬಹುದು?

ನಿಧಾನವೇ_ಸರಿ

ಸುರಂಗ 1930ರಲ್ಲಿ ಮುಗಿದದ್ದು, ಉದ್ದ 1.1 ಮೈಲಿ. ಒಳಗೆ ದೀಪಗಳಿಲ್ಲ, ಬಂಡೆಯಲ್ಲಿ ಕೊರೆದ ಕಿಂಡಿಗಳಿಂದ ಅಲ್ಲಲ್ಲಿ ಬೆಳಕು ಬೀಳುತ್ತದೆ, ಅಲ್ಲಿ ನಿಲ್ಲಿಸುವಂತಿಲ್ಲ. ಕಪ್ಪು ಕನ್ನಡಕವನ್ನು ಒಳಹೋಗುವ ಮೊದಲೇ ತೆಗೆಯಿರಿ. ಹೊರಬಂದ ಮೇಲೆ ಹಿಮ್ಮುರಿ ತಿರುವುಗಳಲ್ಲಿ ಕಣಿವೆಯ ತಳಕ್ಕೆ ಇಳಿಯಬೇಕು. ಅಂಚಿಗೆ ಕಲ್ಲಿನ ಗಿಡ್ಡ ಕಟ್ಟೆಗಳಿವೆ, ಎಲ್ಲರೂ ನಿಧಾನವಾಗಿಯೇ ಹೋಗುತ್ತಾರೆ, ಮಿಲಿಯನ್ ಡಾಲರ್ ಹೈವೇ ದಾಟಿ ಬಂದವರಿಗೆ ಅದು ಕಷ್ಟವಾಗದು.

ಏಂಜಲ್ಸ್ ಲ್ಯಾಂಡಿಂಗ್‌ಗೆ 2022ರ ಏಪ್ರಿಲ್‌ನಿಂದ ಲಾಟರಿಯ ಮೂಲಕ ಪರವಾನಗಿ ಕೊಡುತ್ತಿದ್ದಾರೆ. ಸರಪಳಿ ಹಿಡಿದು ಏರುವ ಕೊನೆಯ ಭಾಗಕ್ಕೆ ಅದು ಕಡ್ಡಾಯ. ಹಿಂದಿನ ದಿನದ ಲಾಟರಿಯೂ ಇದೆ. ಆ ಋತುವಿನಲ್ಲಿ ಕಣಿವೆಯೊಳಗೆ ಸ್ವಂತ ಕಾರಿಗೆ ಪ್ರವೇಶವಿಲ್ಲ, ಉಚಿತ ಷಟಲ್ ಬಸ್ಸಿನಲ್ಲೇ ಹೋಗಬೇಕು. ನೀವು ಗ್ರಾಟೊ ನಿಲ್ದಾಣದಲ್ಲಿ ಇಳಿದುಕೊಳ್ಳಿ. ಅವರು ಅದೇ ಬಸ್ಸಿನಲ್ಲಿ ಕೊನೆಯ ನಿಲ್ದಾಣವಾದ ಟೆಂಪಲ್ ಆಫ್ ಸಿನವಾವದವರೆಗೆ (ಹೆಸರಷ್ಟೇ ದೇಗುಲ, ಇರುವುದು ಬಂಡೆಗೋಡೆಗಳು) ಮುಂದುವರಿದು, ನದಿಯ ದಂಡೆಯ ರಿವರ್‌ಸೈಡ್ ವಾಕ್‌ನಲ್ಲಿ ನಡೆಯಲಿ. ಹೋಗಿಬರಲು 2.2 ಮೈಲಿ, ಬಹುಪಾಲು ಸಮತಟ್ಟು, ಗೋಡೆಗಳೆಲ್ಲ ಅವರಿಗಿಂತ ಮೇಲಕ್ಕೇ ಇರುತ್ತವೆ. ಅಲ್ಲಿ ಫೋನು ಕೈಕೊಡುವುದರಿಂದ ಇಂಥ ಹೊತ್ತಿಗೆ ಇಂಥ ನಿಲ್ದಾಣದಲ್ಲಿ ಸೇರುವುದೆಂದು ಬೆಳಿಗ್ಗೆಯೇ ಮಾತನಾಡಿಕೊಂಡು ಹೊರಡಿ. ಕೊನೆಯ ಬಸ್ಸಿನ ಸಮಯವನ್ನು ಹತ್ತುವಾಗಲೇ ಚಾಲಕರಲ್ಲಿ ಕೇಳಿಟ್ಟುಕೊಳ್ಳಿ.